ಕಾರಿಗೆ ಹಾಕಿದ ಸಿರಿಂಜು

ನವೆಂಬರ್ 4, ಮಂಗಳವಾರ

ಪುಣಜನೂರು ಆರೋಗ್ಯ ಉಪಕೇಂದ್ರಕ್ಕೆ ಇವತ್ತೂ ಲೇಟು. ಕಾಡಿನ ಏರಿನಲ್ಲಿ ಮತ್ತೆ ಅದೇ ಕಥೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಕಾರು ಎಳೆಯುವುದಿಲ್ಲ. ಹಿಂದೆ ತಮಿಳುನಾಡಿನ ಲಾರಿ, ಹಾರ್ನ್ ಮೇಲೆ ಹಾರ್ನ್. ಮುಂದೆ ಮೀಟರಿನಲ್ಲಿ ಇಂಜಿನ್ ಗುರುತಿನ ಹಳದಿ ಲೈಟು. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿ, ಆಮೇಲೆ ಮತ್ತೆ ಸುಸ್ತು. ಆನೆ ದಾಟುವ ಜಾಗ ಅದು, ನಿಲ್ಲಿಸಿಕೊಂಡು ಕೂರುವಂಥದ್ದಲ್ಲ. ಲಸಿಕೆಗೆ ಬಂದ ತಾಯಂದಿರು ಕಾದು ಕಾದು ಸಾಕಾಗಿದ್ದರು.

ಸಂಜೆ ಟೌನಿನ ಒಂದು ಗ್ಯಾರೇಜಿಗೆ ತೋರಿಸಿದೆ. ಬಾನೆಟ್ ಕೂಡ ಎತ್ತಲಿಲ್ಲ. “ಟರ್ಬೊ ಹೋಗಿದೆ ಮೇಡಂ, ಹೊಸದೇ ಹಾಕ್ಬೇಕು.” ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರವಂತೆ ಅದು. ನಾಡಿ ಹಿಡಿಯದೆ ಆಪರೇಷನ್ ಬರೆದುಕೊಟ್ಟ ಹಾಗಾಯಿತು.

ನವೆಂಬರ್ 5

ಮನೆಯಲ್ಲಿ ಹೇಳಿದ್ದೇ ತಪ್ಪು. ಯಜಮಾನರಿಗೆ ಇದೇ ಬೇಕಿತ್ತು.

“ಮಾರ್ಬುಡನ ಅತ್ಲಾಗೆ. ಭಾನುವಾರ ಸೋಮೇಶ ಬತ್ತನೆ, ತಕ್ಕಂಡೋಯ್ತನೆ. ನೀನು ಕುದೇರಿಗೇ ವರ್ಗ ಮಾಡಿಸ್ಕೊ. ಮನೆ ಪಕ್ಕದಲ್ಲೇ ಆರಾಮಾಗಿರು.”

ಸೋಮೇಶ ಇವರ ಚಿಕ್ಕಪ್ಪನ ಮಗ. ಗುಂಡ್ಲುಪೇಟೆಯಲ್ಲಿ ಹಳೇ ಕಾರಿನ ವ್ಯಾಪಾರ.

ಕಾರು ತೆಗೆದದ್ದು ನನ್ನ ಸಂಬಳದಲ್ಲಿ. ಮಾರುವ ತೀರ್ಮಾನ ಮಾತ್ರ ಇವರದ್ದು. ಸಿಟ್ಟು ನೆತ್ತಿಗೇರಿತು. ಕುದೇರಿನಿಂದ ಎರಡು ಬಸ್ಸು ಬದಲಾಯಿಸಿ ಹೊತ್ತಿಗೆ ಸರಿಯಾಗಿ ತಲುಪುವುದು ಆಗದ ಮಾತು. ಕಾರು ಹೋದರೆ ಪುಣಜನೂರೂ ಹೋಯಿತು. ಆ ಊರಿನ ಎಷ್ಟೋ ಮಕ್ಕಳನ್ನು ಹುಟ್ಟಿದೊಡನೆ ಮೊದಲು ಎತ್ತಿಕೊಂಡ ನರ್ಸ್ ಕೈ ಇದು. ಬಿಡುವುದಿಲ್ಲ.

ಫೋನಿನಲ್ಲಿ ಕಾರಿನ ದೋಷ ತೋರಿಸುವ ಸ್ಕ್ಯಾನರ್ ಆರ್ಡರ್ ಮಾಡಿದೆ. ಯಾರಿಗೂ ಹೇಳಿಲ್ಲ.

ನವೆಂಬರ್ 7, ಶುಕ್ರವಾರ, ಸಂಜೆ

ಸ್ಕ್ಯಾನರ್ ಬಂತು. ಬೆಂಕಿಪೊಟ್ಟಣದಷ್ಟಿದೆ. ಸ್ಟಿಯರಿಂಗ್ ಕೆಳಗೆ ಸಿಕ್ಕಿಸಿದರೆ ಮೊಬೈಲಿನಲ್ಲಿ ಕಾಯಿಲೆ ಹೇಳುತ್ತದೆ. ಟರ್ಬೊ ಗಾಳಿಯ ಒತ್ತಡ ಕಡಿಮೆ — ಅಷ್ಟೇ ಹೇಳಿದ್ದು. ಟರ್ಬೊ ಸತ್ತಿದೆ ಅಂತ ಎಲ್ಲೂ ಇಲ್ಲ. ಲೈಟು ಅಂದರೆ ಜ್ವರ. ಜ್ವರ ಯಾತರಿಂದ ಅಂತ ನಾವು ಹುಡುಕಬೇಕು.

ಏರ್ ಫಿಲ್ಟರ್ ತೆಗೆದೆ. ಕಳೆದ ಸುಗ್ಗಿಯ ಅರಿಶಿನದ ಧೂಳು ಇನ್ನೂ ಕೂತಿತ್ತು. ಕೊಡವಿ ಹಾಕಿ ಊರಾಚೆ ಒಂದು ಸುತ್ತು ಹೊಡೆದೆ... ಮತ್ತೆ ಲೈಟು. ದಪ್ಪ ಗಾಳಿ ಪೈಪುಗಳ ಜಾಯಿಂಟಿಗೆಲ್ಲ ಸೋಪಿನ ನೀರು ಬಳಿದು ಸ್ಟಾರ್ಟ್ ಮಾಡಿದೆ. ಸೋರಿದರೆ ಗುಳ್ಳೆ ಬರಬೇಕು. ಒಂದೂ ಇಲ್ಲ.

ಇವರು ಜಗಲಿಯಿಂದ, “ಸೋಪಾಕಿ ತೊಳುದ್ರೆ ಸೋಮೇಶ ಜಾಸ್ತಿ ಕೊಡ್ತನೆ ಅಂತನ?” ನಗಲಿ.

ನವೆಂಬರ್ 8, ಶನಿವಾರ

ಗೆದ್ದೆ. ಮೊದಲು ಅದನ್ನು ಬರೆದುಬಿಡುತ್ತೇನೆ.

ಟರ್ಬೊ ಪಕ್ಕದಲ್ಲಿ ಪುಟ್ಟ ಡಬ್ಬಿ, ಅದರಿಂದ ಒಂದು ಕಡ್ಡಿ. ತೆಳು ರಬ್ಬರ್ ಪೈಪು ಡಬ್ಬಿಯ ಗಾಳಿ ಎಳೆದಾಗ ಕಡ್ಡಿ ಸರಿಯಬೇಕು, ಆಗಲೇ ಟರ್ಬೊಗೆ ಬಲ. ಫೋನಿನಲ್ಲಿ ನೋಡಿದ ರಿಪೇರಿ ವಿಡಿಯೊದವನು ಅದನ್ನು ಪರೀಕ್ಷೆ ಮಾಡಲು ಏನೋ ಪಂಪು ತೋರಿಸಿದ. ನನ್ನ ಹತ್ತಿರ ಎಲ್ಲಿಯ ಪಂಪು... ಮಾವ ಹಾಸಿಗೆ ಹಿಡಿದಿದ್ದಾಗ ಮೂಗಿನ ಪೈಪಿನಲ್ಲಿ ಗಂಜಿ ಕೊಡಲು ತಂದಿದ್ದ ದೊಡ್ಡ ಸಿರಿಂಜು ಅಟ್ಟದ ಮೇಲಿತ್ತು.

ಪೈಪಿನ ಇಂಜಿನ್ ಕಡೆಯ ತುದಿ ಬಿಚ್ಚಿ ಸಿರಿಂಜು ಸಿಕ್ಕಿಸಿ ಎಳೆದೆ. ಕಡ್ಡಿ ಮಿಸುಕಲಿಲ್ಲ. ಪೈಪು ಬಿಟ್ಟು ನೇರ ಡಬ್ಬಿಯ ಮೂತಿಗೇ ಸಿಕ್ಕಿಸಿ ಎಳೆದೆ. ಕಡ್ಡಿ ಸರಕ್ಕನೆ ಒಳಗೆ. ಬಿಟ್ಟೆ, ಹೊರಗೆ. ಎಳೆದೆ, ಒಳಗೆ. ಡಬ್ಬಿ ಗಟ್ಟಿ, ಕಡ್ಡಿ ಗಟ್ಟಿ, ತಪ್ಪೆಲ್ಲ ಪೈಪಿನದು. ಒಬ್ಬಳೇ ಜೋರಾಗಿ ನಕ್ಕೆ.

ಡ್ರಿಪ್ ಇಳಿಯದಿದ್ದರೆ ನರ್ಸ್ ಮೊದಲು ಪೈಪು ಎಲ್ಲಿ ಅದುಮಿದೆ ಅಂತ ನೋಡುತ್ತಾಳೆ. ಬೆರಳಲ್ಲಿ ತಡವುತ್ತ ಹೋದೆ. ತುದಿಯ ಹತ್ತಿರ ಗಂಟು. ಹಳದಿ ದಾರ, ಸುತ್ತಿನ ಮೇಲೆ ಸುತ್ತು. ಬಿಸಿಗೆ ರಬ್ಬರ್ ಮೆತ್ತಗಾಗಿ ದಾರ ಒಳಕ್ಕೆ ಕಚ್ಚಿಕೊಂಡಿತ್ತು.

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಎದ್ದು ಬಂದರು.

“ಆಯುಧಪೂಜೆ ದಿನ ನಾನೇ ಕಟ್ಟಿದ್ದು ಕಣವ್ವ. ಮಾದಪ್ಪನ ಬೆಟ್ಟದ ದಾರ. ಕಾಡ್ ದಾರಿಲಿ ಒಬ್ಬಳೇ ಓಯ್ತಿಯಲ್ಲ, ಕಾಪಾಡ್ಲಿ ಅಂತ. ಇನ್ನೆಲ್ಲೂ ಕೈ ತೂರ್ಲಿಲ್ಲ.”

ನಾನು ಹೋಗಿ ಬರುವ ತನಕ ಅತ್ತೆ ಹೆದರಿಕೊಂಡು ಕೂರುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಳು ಬಂತು. ಗ್ರೀಸ್ ಕೈಯಲ್ಲೇ ಕಣ್ಣು ಒರೆಸಿಕೊಂಡೆ.

“ಕತ್ತರಿ ಆಕ್ಬ್ಯಾಡ, ನಾನೇ ಬಿಚ್ತೀನಿ. ನಿನ್ ಗಂಡನಿಗೆ ಏಳ್ಬ್ಯಾಡ, ವರ್ಷೆಲ್ಲಾ ಆಡ್ಕತನೆ.” ಉಗುರಿನಲ್ಲಿ ಗಂಟು ಬಿಡಿಸಿದರು. ತಗ್ಗಾದ ತುದಿ ಕತ್ತರಿಸಿ ಪೈಪು ಮತ್ತೆ ಸಿಕ್ಕಿಸಿದೆ.

ಊಟಕ್ಕೆ ಕೂತಾಗ, ಪೈಪು ಅದುಮಿತ್ತು, ಸರಿ ಮಾಡಿದೆ ಎಂದಷ್ಟೇ ಹೇಳಿದೆ. ಇವರು ಸೊಪ್ಪು ಹಾಕಲಿಲ್ಲ. “ಇವತ್ತು ಪೈಪು, ನಾಳೆ ಇನ್ನೊಂದು. ಸೋಮೇಶನಿಗೆ ಮಾತು ಕೊಟ್ಟಾಯ್ತು.”

ಅತ್ತೆ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. “ದಾರ ಕಟ್ಟಿ ಕೆಡಿಸಿದ್ದು ನಾನು ಕಣ್ಲಾ. ಕಂಡಿಡಿದು ಸರಿ ಮಾಡಿದ್ದು ಇವಳು. ಕಾರ್ ಮಾರೋದಾದ್ರೆ ಅದ್ರಲ್ಲೇ ನನ್ನೂ ಕೂರ್ಸಿ ಕಳ್ಸ್ಬುಡು.”



ನವೆಂಬರ್ 9, ಭಾನುವಾರ, ಮಧ್ಯಾಹ್ನ

ಬೆಳಿಗ್ಗೆ ಪುಣಜನೂರಿನ ಏರಿಗೆ ಹೋದೆ. ಇವರೂ ಬಂದರು, ಪರೀಕ್ಷೆ ತೆಗೆದುಕೊಳ್ಳುವ ಮುಖ ಮಾಡಿಕೊಂಡು. ಮೂರನೇ ಗೇರಿನಲ್ಲಿ ಒತ್ತಿದೆ. ಬೆನ್ನು ಸೀಟಿಗೆ ಅಂಟಿತು. ಎರಡು ಲಾರಿ ಹಿಂದೆ ಉಳಿದವು. ಲೈಟು ಹತ್ತಲಿಲ್ಲ. “ನಿಧಾನ ಕಣೆ” ಎಂದರು, ಮೇಲಿನ ಹಿಡಿ ಬಿಗಿಯಾಗಿ ಹಿಡಿದುಕೊಂಡು. ಆ ಮಾತು ಕೇಳಿ ಎಂಥ ಖುಷಿಯಾಯಿತೆಂದರೆ ಇನ್ನಷ್ಟು ಒತ್ತಿದೆ.

ಸೋಮೇಶ ಬಂದ. ಅವನೂ ಓಡಿಸಿ ನೋಡಿದ. “ಕುದ್ರೆ ಇದ್ದಂಗದೆ ಅಣ್ಣ. ಈಗ್ಲೇ ತಕ್ಕಂಡೋಗ್ಲ?”

ಇವರು ಟೀ ಲೋಟ ಕೆಳಗಿಟ್ಟರು. ನನ್ನ ಕಡೆ ನೋಡಲಿಲ್ಲ.

“ನನ್ನ ಯಾಕ್ಲಾ ಕೇಳಿಯೆ? ಕಾರು ಅವಳ್ದು. ಅವಳ್ನ ಕೇಳು.”

ಎದೆ ತುಂಬಿತು. ಇಲ್ಲಪ್ಪ, ಕೊಡೋದಿಲ್ಲ, ಊಟ ಮಾಡ್ಕೊಂಡು ಹೋಗು ಎಂದೆ.

ಈಗ ಹೊರಡಬೇಕು. ಸೋಮೇಶ ಬಸ್ಸಿನಲ್ಲಿ ಬಂದಿದ್ದ, ಇದೇ ಕಾರಿನಲ್ಲಿ ವಾಪಸ್ ಹೋಗುವ ಯೋಚನೆಯಲ್ಲಿ. ಪಾಪ. ಗುಂಡ್ಲುಪೇಟೆಗೆ ಬಿಟ್ಟು ಬರೋಣ ಅಂದವರು ಇವರೇ. ಸೋಮೇಶ ಹಿಂದಿನ ಸೀಟಿನಲ್ಲಿ ಕೂತಾಗಿದೆ, ಇವರು ಎಡಗಡೆ. ಕೀ ನನ್ನ ಹತ್ತಿರ. ಹಾರ್ನ್ ಹೊಡೆಯುತ್ತಿದ್ದಾರೆ. ಹೊಡೆಯಲಿ, ನಾನು ಇನ್ನೊಂದು ಸಾಲು —