ಎಡಕ್ಕೆ ತಿರುಗಿ, ಟೀಚರ್

ಅಕ್ಟೋಬರ್ 7, ಮಂಗಳವಾರ

ಇವತ್ತೂ ಪಾಠಕ್ಕೆ ಮೊದಲು ಸುತ್ತಾಟ. ಪೋರ್ಟೋಗೆ ಬಂದು ತಿಂಗಳಾಯಿತು, ಹಳೇ ಪೇಟೆಯ ಓಣಿಗಳು ಇನ್ನೂ ಏಮಾರಿಸುತ್ತವೆ. ಮೆಟ್ಟಿಲು ಹತ್ತಿಹೋದರೆ ಯಾರದೋ ಅಡುಗೆಮನೆ. ಮೀನು ಹುರಿಯುವ ವಾಸನೆ, ಜೊತೆಗೆ ಬೈಗುಳ: "ದಾರಿ ತಪ್ಪಿದ್ಯೇನಮ್ಮ? ಬಂದವಳು ಈರುಳ್ಳಿನಾದ್ರೂ ಹೆಚ್ಚು!"

ಆಮೇಲೆ ಲ್ಯಾಪ್‌ಟಾಪ್ ಮುಂದೆ. ಲಕ್ಸೆಂಬರ್ಗ್‌ನಲ್ಲಿ ಬೆಳೆಯುತ್ತಿರುವ ನಮ್ಮ ಪೋರ್ಚುಗಲ್‌ನವರ ಮಕ್ಕಳಿಗೆ ಆನ್‌ಲೈನ್ ಪೋರ್ಚುಗೀಸ್ ಪಾಠ. ಎಲ್ಲರೂ ವಾಚಾಳಿಗಳು. ಮಫಾಲ್ಡಾ ಮಾತ್ರ... ಕ್ಯಾಮೆರಾ ಇಲ್ಲ, ಮಾತಿಲ್ಲ. ಕಪ್ಪು ಚೌಕದಲ್ಲಿ ಬರೀ ಹೆಸರು.

ಅಕ್ಟೋಬರ್ 16

ಪುಸ್ತಕ ಬೇಜಾರು ಅಂದರು ಮಕ್ಕಳು. ಫೋನ್ ಹಿಡಿದು ಪಾಠವನ್ನೇ ಬೀದಿಗೆ ಒಯ್ದೆ. ನದಿ ಕಡೆಗಿಳಿಯುವ ಓಣಿ ಕವಲೊಡೆಯುವಲ್ಲಿ ನಿಂತು, "ಎತ್ತ ಹೋಗೋಣ?" ಎಂದೆ.

"ಎಡಕ್ಕೆ ತಿರುಗಿ, ಟೀಚರ್."

ಯಾರ ದನಿ? ಕಪ್ಪು ಚೌಕದ್ದು!

"ಹಸಿರು ಬಾಗಿಲು ಬರತ್ತೆ. ತಟ್ಟೋಕೆ ಹಿತ್ತಾಳೆ ಕೈ ಇರತ್ತೆ."

ಬಾಗಿಲು ಬಂತು. ಕೈಯೂ ಇತ್ತು.

"ನಮ್ಮಜ್ಜಿ ಮನೆ." ಅಷ್ಟೇ ಹೇಳಿ ಮಫಾಲ್ಡಾ ಪಾಠದಿಂದ ಮಾಯ.

ಮಿಕ್ಕವರೆಲ್ಲ "ತಟ್ಟಿ ಟೀಚರ್, ತಟ್ಟಿ!" ತಟ್ಟಲಿಲ್ಲ.

ಅಕ್ಟೋಬರ್ 17

ತಡೆಯಲಾಗಲಿಲ್ಲ. ಹೋಗಿ ತಟ್ಟಿದೆ.

ಬಾಗಿಲು ತೆರೆದವರು ಅಜ್ಜಿ, ದೋನಾ ಅಲ್ಬರ್ಟಿನಾ. ಕೈಯಲ್ಲಿ ಒದ್ದೆ ಬಟ್ಟೆ. "ಏನೂ ಬೇಡ. ದೇವರೂ ಬೇಡ, ಇಂಟರ್‌ನೆಟ್ಟೂ ಬೇಡ."

ಮಫಾಲ್ಡಾಳ ಟೀಚರ್ ಎಂದೆ. ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಮಾತಾಡ್ತಾಳಾ ಅವಳು?"

"ನಿನ್ನೆ ಮೊದಲ ಸಲ."

"ಇಲ್ಲಿದ್ದಾಗ ಬಾಯಿ ಮುಚ್ಚಿಸೋಕಾಗ್ತಿರ್ಲಿಲ್ಲ!" ಆಮೇಲೆ ಮೆಲ್ಲಗೆ, "ನನ್ನ ಮಗಳು ಸಾಂದ್ರಿನಾ ಮಗೂನ ಕರ್ಕೊಂಡು ಆ ಗಂಡಸಿನ ಹಿಂದೆ ಹೊರಟಾಗ, ಹೋದ್ರೆ ಮತ್ತೆ ಈ ಹೊಸ್ತಿಲು ತುಳೀಬೇಡ ಅಂದೆ. ತುಳೀಲಿಲ್ಲ. ಹಠದಲ್ಲಿ ನನ್ನ ಮಗಳೇ."

ಕಾಫಿ ಕೊಟ್ಟರು. ಕೇಳಬಾರದ್ದನ್ನೆಲ್ಲ ಕೇಳಿದೆ. ನನ್ನ ಜಾಡ್ಯ ಅದು.

ಅಕ್ಟೋಬರ್ 20

ಸಾಂದ್ರಿನಾಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ.

"ನಿಮ್ಮನ್ಯಾರು ಕೇಳಿದ್ರು? ವ್ಯಾಕರಣ ಕಲಿಸಿ, ಸಾಕು!" ಇಟ್ಟುಬಿಟ್ಟಳು.

ಅವಳದೇನು ತಪ್ಪು...

ನವೆಂಬರ್ 6

ಅವತ್ತಿನಿಂದ ಮಫಾಲ್ಡಾ ಪಾಠಕ್ಕಿಲ್ಲ. ನನ್ನ ಸುತ್ತಾಟವೂ ನಿಂತಿತ್ತು — ಯಾವ ಬಾಗಿಲು ನೋಡಿದರೂ ಮುಜುಗರ.

ಇವತ್ತು ಸಾಂದ್ರಿನಾಳ ಮೆಸೇಜ್: "ಮಗಳಿಗೆ ಊಟಕ್ಕೆ ಕೂತ್ರೂ ಆ ಓಣಿದೇ ಮಾತು. ಶನಿವಾರ ಅಲ್ಲಿಗೆ ಹೋಗ್ತೀರಾ? ಅಮ್ಮ ಒಪ್ಪಿದ್ರೆ ನಾನೂ ವಿಡಿಯೊದಲ್ಲಿ ಮಗಳ ಪಕ್ಕ ಕೂರ್ತೀನಿ."

ಅಜ್ಜಿಯನ್ನು ಕೇಳಿದೆ. "ಬರಲಿ" ಎಂದರು, ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣಗೆ.

ನವೆಂಬರ್ 8, ಶನಿವಾರ

ಅಜ್ಜಿಯ ಬಾಗಿಲಲ್ಲಿ ವಿಡಿಯೊ ಹಚ್ಚಿ ಫೋನ್ ಎತ್ತಿ ಹಿಡಿದೆ. ಮಫಾಲ್ಡಾಳ ಮುಖ ಈಗಲೇ ನೋಡಿದ್ದು. ಮುಂದಿನ ಎರಡು ಹಲ್ಲಿಲ್ಲ.

"ಎಷ್ಟು ಬಡಕಲಾಗಿದೀಯೇ!" ಎಂದರು ಅಜ್ಜಿ. ಮೊಮ್ಮಗಳಿಗಲ್ಲ, ಮಗಳಿಗೆ.

"ನೀನೇನು ಕೊಬ್ಬಿದೀಯಾ?" ಎಂದಳು ಸಾಂದ್ರಿನಾ.

ಆಮೇಲೆ ಇಬ್ಬರೂ ಒಟ್ಟಿಗೇ... ಜಗಳವೋ ಅಳುವೋ. ಅಜ್ಜಿ ಫೋನ್ ಕಸಿದುಕೊಂಡು ಒಳಗೆ ನಡೆದರು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ಇದನ್ನು ಗೀಚುತ್ತಿದ್ದೇನೆ. ಇಣುಕುವ ಆಸೆ. ಇಣುಕುವುದಿಲ್ಲ.

ಒಳಗೆ ಮಫಾಲ್ಡಾ ಬಿಡುವಿಲ್ಲದೆ ಮಾತಾಡುತ್ತಿದ್ದಾಳೆ. ಅಜ್ಜಿ ಕೂಗುತ್ತಿದ್ದಾರೆ: "ಟೀಚರಮ್ಮ, ಬಾ ಇಲ್ಲಿ! ಊರು ಬಿಡೋ ಮುಂಚೆ ಮಫಾಲ್ಡಾ ಮಂಚದ ಹಿಂದೆ ಏನೋ ಬಚ್ಚಿಟ್ಟಿದ್ಲಂತೆ. ಮಂಚ ಸರಿಸೋಕೆ ಒಂದು ಕೈ ಹಚ್ಚು..."

ಏನಿರಬಹುದು? ಹೋಗಿ ನೋಡುತ್ತೇನೆ.