ತಿರುವಿನಲ್ಲಿ ತೆಗೆದ ಫೋಟೋ

ಮನೆ, ಮೂರನೇ ಮಹಡಿ
ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹೆಗಲಿನ ಪಟ್ಟಿ ಬಿಚ್ಚಿದರಂತೆ, ಮಂಡಿ ಮಾತ್ರ ಇನ್ನೂ ಪೂರ್ತಿ ಮಡಚಲು ಬರುತ್ತಿಲ್ಲವಂತೆ. ವ್ಯಾಯಾಮ ಮಾಡಿಸುವವರು ಬಾಗಿಲಿಗೆ ಬಂದ ಕೂಡಲೇ ನೀನು ಗಾಢ ನಿದ್ದೆಯಲ್ಲಿರುವವಳ ಹಾಗೆ ಕಣ್ಣು ಮುಚ್ಚುತ್ತೀಯಂತಲ್ಲ, ಚಿಕ್ಕಮ್ಮ ಅದನ್ನೂ ಹೇಳಿದಳು. ಆ ನಾಟಕ ಅಮ್ಮನ ಹತ್ತಿರ ನಡೆಯುತ್ತಿತ್ತು, ಚಿಕ್ಕಮ್ಮನ ಹತ್ತಿರ ನಡೆಯುವುದಿಲ್ಲ. ಇಲ್ಲಿ ಎಲ್ಲರೂ ಆರಾಮ. ಅಪ್ಪ ಹತ್ತುವಾಗಲೂ ಇಳಿಯುವಾಗಲೂ ಮೆಟ್ಟಿಲು ಎಣಿಸುತ್ತಾರೆ. ಐವತ್ನಾಲ್ಕು ಇವೆಯಂತೆ. ಅಷ್ಟನ್ನೂ ನೀನು ಹತ್ತುವಂತಾಗುವವರೆಗೆ ನೆಲಮಹಡಿಯ ಚಿಕ್ಕಮ್ಮನ ಮನೆಯೇ ಸರಿ ಎನ್ನುತ್ತಾರೆ. ಫೋನ್ ಇರುವಾಗ ಇವನಿಗೇಕೆ ಕಾಗದದ ಹುಚ್ಚು ಎಂದು ನಗಬೇಡ. ಫೋನ್ ಮಾಡಿದರೆ ಚಿಕ್ಕಮ್ಮ ಸ್ಪೀಕರ್ ಹಾಕಿ ನಡುವೆ ಕುಳಿತು ನಿನ್ನ ಉತ್ತರವನ್ನೂ ತಾನೇ ಕೊಡುತ್ತಾಳೆ.

ನೀನು ನನಗೆ ಎರಡು ಕೆಲಸ ಹೇಳಿದ್ದೆ. ಮತ್ತೆ ಸೈಕಲ್ ಹತ್ತಿದಾಗ ಜೊತೆಗಿಟ್ಟುಕೊಳ್ಳಲು ಒಂದು ಪುಟ್ಟ ಕ್ಯಾಮೆರಾ ಆರಿಸಬೇಕು, ಮತ್ತು ಬ್ರೇಕ್ ನೋಡಲು ಹೊಸ ಮೆಕ್ಯಾನಿಕ್ ಒಬ್ಬರನ್ನು ಹುಡುಕಬೇಕು. ಮೊದಲನೆಯದನ್ನು ಮುಗಿಸಿದ್ದೇನೆ. ಎರಡನೆಯದನ್ನು ಕೊನೆಯಲ್ಲಿ ಬರೆಯುತ್ತೇನೆ.

ದಿನವಿಡೀ ಕನ್ನಡಕದ ಗಾಜು ಉಜ್ಜುವವನಿಗೆ ಕ್ಯಾಮೆರಾ ಲೆನ್ಸ್ ಕೂಡ ಗೊತ್ತಿರುತ್ತದೆ ಎಂಬ ನಿನ್ನ ನಂಬಿಕೆಯನ್ನು ಉಳಿಸಲು ನಾಲ್ಕು ಮಧ್ಯಾಹ್ನ ಊಟ ಬಿಟ್ಟು ನಮ್ಮ ಅಂಗಡಿಯ ಎದುರಿನ ಕ್ಯಾಮೆರಾ ಅಂಗಡಿಗೆ ಹೋದೆ. ನಿನ್ನ ಸೈಕಲ್ ಗ್ಲೌಸ್ ಹಾಕಿಕೊಂಡೇ ಹೋಗಿದ್ದೆ, ಗುಂಡಿ ಒತ್ತಲು ಬರುತ್ತದೋ ಇಲ್ಲವೋ ನೋಡಬೇಕಿತ್ತಲ್ಲ. ಅಂಗಡಿಯ ಯಜಮಾನಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚಳಿ ಆಗ್ತಿದ್ಯಾ, ಏಸಿ ಕಮ್ಮಿ ಮಾಡ್ಲಾ?" ಎಂದು ಕೇಳಿದರು. ಅವರ ಕನ್ನಡಕ ಮಾಡಿಕೊಟ್ಟವನು ನಾನೇ, ಆ ಗುರುತಿಗೆ ಮೂರು ಕ್ಯಾಮೆರಾ ಒಂದೊಂದು ಗಂಟೆ ಹೊರಗೆ ಒಯ್ಯಲು ಬಿಟ್ಟರು. ಸೊಂಟದ ಚೀಲದಲ್ಲಿ ಹಾಕಿಕೊಂಡು ಪಾರ್ಕಿನ ಕಲ್ಲು ಮೆಟ್ಟಿಲ ಮೇಲೆ ಸೈಕಲ್ ಇಳಿಸಿದೆ. ಎರಡನೇ ಸಲಕ್ಕೆ ಕಾವಲುಗಾರ ತನ್ನ ಕುರ್ಚಿ ಎತ್ತಿಕೊಂಡು ಮರದ ಹಿಂದೆ ಹೋದ. ಆನ್ ಮಾಡಿದರೆ ಮೂತಿ ಮುಂದೆ ಚಾಚುವ ಕ್ಯಾಮೆರಾ ನಿನಗೆ ಬೇಡ. ದೂರದ್ದನ್ನೆಲ್ಲ ಹತ್ತಿರ ತರುತ್ತದೆ, ನಿಜ, ಆದರೆ ಆ ಸಂದಿಗೆ ನಮ್ಮ ಬೆಟ್ಟದ ಕೆಂಪು ಧೂಳು ಸೇರಿದರೆ ಮೂತಿ ಹೊರಗೇ ಉಳಿಯುತ್ತದೆ. ನೀರಿಗೆ ಬಿದ್ದರೂ ಕೆಡದ ಇನ್ನೊಂದಿದೆ, ಗಟ್ಟಿ ಪಿಂಡ, ಆದರೆ ಸಂಜೆಯಾದರೆ ಫೋಟೋದಲ್ಲಿ ಎಲ್ಲರ ಮುಖವೂ ಬೇಯಿಸಿದ ಆಲೂಗಡ್ಡೆ. ನನಗೆ ಒಪ್ಪಿಗೆಯಾದದ್ದು ಮೂರನೆಯದು. ಅಂಗಿಯ ಜೇಬಿನಲ್ಲಿ ಕೂರುತ್ತದೆ, ಗ್ಲೌಸ್ ಬೆರಳಿಗೂ ಗುಂಡಿ ಸಿಗುತ್ತದೆ, ಬಿಸಿಲಲ್ಲೂ ಪರದೆ ಕಾಣುತ್ತದೆ. ಜೂಮ್ ಮಾತ್ರ ಇಲ್ಲ. ಏನನ್ನಾದರೂ ದೊಡ್ಡದಾಗಿ ತೆಗೆಯಬೇಕೆಂದರೆ ಸೈಕಲ್ ನಿಲ್ಲಿಸಿ, ಇಳಿದು, ಅದರ ಹತ್ತಿರ ನಡೆದುಹೋಗಬೇಕು. ಇದನ್ನು ದೋಷವೆಂದು ಯಜಮಾನಿ ಮೂರು ಸಲ ಎಚ್ಚರಿಸಿದರು. ನನಗೆ ಅದೇ ಬೇಕಾಗಿತ್ತು. ಒಂದು ಮಾತು ನೆನಪಿಡು, ಎದೆಯ ಮೇಲೆ ನೇತುಹಾಕಬೇಡ, ಸೊಂಟದ ಚೀಲದಲ್ಲೇ ಇರಲಿ. ಮತ್ತೆ ಅದು ನಿನ್ನ ಬಳಿಯೇ ಇರಲಿ, ನನ್ನ ಕೈಗೆ ಕೊಡಬೇಡ.

ನಮ್ಮ ಹಳೆಯ ದೊಡ್ಡ ಕ್ಯಾಮೆರಾ ಕಪಾಟಿನ ಮೇಲಿದೆ. ಅದರ ಕೊನೆಯ ಫೋಟೋಗಳನ್ನು ನೀನು ಎರಡು ಸಲ ಕೇಳಿದೆ, ಮೆಮರಿ ಕಾರ್ಡ್ ಕೆಟ್ಟುಹೋಗಿದೆ ಎಂದು ನಾನೂ ಎರಡು ಸಲ ಹೇಳಿದೆ. ಮೊನ್ನೆ ಅಮ್ಮ ಆಲ್ಬಂ ತೆಗೆದು ಕುಳಿತಿದ್ದಳು. ಜಾರುಬಂಡೆಯ ಮೇಲೆ ನೀನು, ಶಾಲೆಯ ಗೇಟಿನಲ್ಲಿ ನೀನು, ಮೂರು ಚಕ್ರದ ಸೈಕಲ್ ಮೇಲೆ ನೀನು. ಪ್ರತಿಯೊಂದರಲ್ಲೂ ನಿನ್ನ ಎಡಗೈ ಮೇಲೆ. ಅಪ್ಪ ಕ್ಯಾಮೆರಾ ಹಿಡಿದು "ಇಲ್ನೋಡೇ ರಾಣಿ!" ಎಂದು ಕೂಗಿದರೆ ಸಾಕು, ಕೈಯಲ್ಲಿ ಏನಿದ್ದರೂ ಬಿಟ್ಟು ನೀನು ಕೈ ಬೀಸುತ್ತಿದ್ದೆ. ಒಮ್ಮೆ ಹಾಲಿನ ಲೋಟ ಬಿಟ್ಟಿದ್ದೆಯಂತೆ, ಅಮ್ಮ ಅದನ್ನು ನೆನೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನಗೆ ಅಲ್ಲಿ ಕುಳಿತಿರಲಾಗಲಿಲ್ಲ, ಹಾಲು ತರುವ ನೆಪ ಮಾಡಿ ಕೆಳಗಿಳಿದೆ. ಫ್ರಿಜ್‌ನಲ್ಲಿ ಎರಡು ಪ್ಯಾಕೆಟ್ ಹಾಲಿತ್ತು.

ಇನ್ನು ಮೆಕ್ಯಾನಿಕ್ ವಿಷಯ. ನಮ್ಮ ರಿಪೇರಿ ಮಾಮನ ಅಂಗಡಿಗೆ ಮತ್ತೆ ಕಾಲಿಡುವುದಿಲ್ಲ ಎಂದು ನೀನು ಹೇಳಿದ್ದೀಯ. ನಿನ್ನ ಜಾಗದಲ್ಲಿ ಯಾರಿದ್ದರೂ ಹಾಗೇ ಹೇಳುತ್ತಿದ್ದರು. "ಬೆಟ್ಟ ಇಳೀತಾ ಬೇಲಿ ಪಕ್ಕದ ಒಣಮರ ದಾಟಿದ್ದಷ್ಟೇ ನೆನಪು, ಆಮೇಲೆ ಕಣ್ಣು ಬಿಟ್ಟಿದ್ದು ಆಸ್ಪತ್ರೇಲಿ" ಎಂದಿದ್ದೆ. ಉಳಿದದ್ದನ್ನು ನಾನು ಹೇಳಿದೆ, ಮಾಮ ನೋಡಿಕೊಟ್ಟಿದ್ದ ಬ್ರೇಕ್ ಹಿಡಿಯಲಿಲ್ಲ ಎಂದು. ಎಲ್ಲರೂ ನಂಬಿದರು. ಅಪ್ಪ ಮಾರನೆಯ ದಿನವೇ ಅಂಗಡಿಗೆ ಹೋಗಿ, ನಾಲ್ಕು ಜನ ಗಿರಾಕಿಗಳ ಎದುರು, "ನನ್ನ ಮಗಳ ಜೀವ ತೆಗೀತಿದ್ಯಲ್ಲಯ್ಯಾ" ಎಂದು ಬಾಯಿಗೆ ಬಂದಂತೆ ಬೈದು ಬಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಮಾಮ ಕೈಗೆ ಹತ್ತಿದ್ದ ಗ್ರೀಸನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದರು. ಕಳೆದ ವಾರ ಅಂಗಡಿಯ ಮುಂದೆ ಹಾದುಹೋಗುವಾಗ ಕರೆದರು. ಅಪ್ಪ ಅಂದು ಅಲ್ಲೇ ಬಿಟ್ಟುಬಂದಿದ್ದ ನಿನ್ನ ಸೈಕಲ್ಲಿನ ಬ್ರೇಕ್ ಪೂರ್ತಿ ಬಿಚ್ಚಿ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹರಡಿಟ್ಟಿದ್ದಾರೆ. ಎಷ್ಟು ಸಲ ಜೋಡಿಸಿದರೂ ಸರಿಯಾಗಿಯೇ ಹಿಡಿಯುತ್ತದಂತೆ. "ಇಪ್ಪತ್ತೆರಡು ವರ್ಷದ ಕೈ ಕಣಪ್ಪಾ, ಆದ್ರೂ ನಾನೇ ಎಲ್ಲೋ ತಪ್ಪಿರ್ಬೇಕು" ಎಂದರು. ಈಗ ಬ್ರೇಕ್ ಕೆಲಸ ಬಂದರೆ ಬೇರೆ ಅಂಗಡಿಗೆ ಹೋಗಿ ಎಂದು ಕಳಿಸಿಬಿಡುತ್ತಾರಂತೆ, ಪಂಕ್ಚರ್ ಮಾತ್ರ ಹಾಕುತ್ತಾರೆ. ನಿನ್ನ ಮಂಡಿ ಹೇಗಿದೆ ಎಂದು ಕೇಳಿದರು. ಪರವಾಗಿಲ್ಲ ಮಾಮಾ ಎಂದು ಹೇಳಿ ಬಂದೆ.

ಅದಕ್ಕೇ ಹೊಸ ಮೆಕ್ಯಾನಿಕ್ಕನ್ನು ನಾನು ಹುಡುಕಿಲ್ಲ. ಹುಡುಕುವುದೂ ಇಲ್ಲ. ಕಾರಣ ಬರೆಯಬೇಕೆಂದೇ ಬೆಳಿಗ್ಗೆ ಪೆನ್ನು ಹಿಡಿದದ್ದು, ಈಗ ಹಾಳೆ ಮುಗಿಯುತ್ತಾ ಬಂತು. ಕ್ಯಾಮೆರಾದ ಬಗ್ಗೆ ಇಷ್ಟುದ್ದ ಕೊರೆದದ್ದು ಏಕೆಂದು ನಿನಗೆ ಇಷ್ಟರಲ್ಲೇ ಅನುಮಾನ ಬಂದಿರುತ್ತದೆ.

ಮಂಡಿಗೆ ಹೇಳಿದ ವ್ಯಾಯಾಮವನ್ನು ನಿದ್ದೆಯ ನಾಟಕವಾಡದೆ ಮಾಡು. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು, ಆದರೆ ಈ ಕಾಗದ ಓದಲು ಕೊಡಬೇಡ. ಅಮ್ಮ ಅಪ್ಪ ಇಬ್ಬರೂ ನಿನ್ನನ್ನು ಕೇಳಿದ್ದಾರೆ, ಬೇಗ ಎದ್ದು ಓಡಾಡುವಂತಾಗಲಿ ಎಂದು ಹಾರೈಸಿದ್ದಾರೆ.

ಇಂತಿ,
ನಿನ್ನ ತಮ್ಮ
ಸೋಡಾಬುಡ್ಡಿ

ತಾ.ಕ.: ಅಕ್ಕಾ, ಲಕೋಟೆ ಅಂಟಿಸಿದವನು ಮತ್ತೆ ಹರಿದು ಬರೆಯುತ್ತಿದ್ದೇನೆ. ಬ್ರೇಕ್ ಫೇಲ್ ಆಗಿರಲಿಲ್ಲ. ನಾನು ಮುಂದೆ ಹೋಗಿ ಇಳಿಜಾರಿನ ತಿರುವಿನಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದೆ. ನೀನು ಮರ ದಾಟಿದ ಕೂಡಲೇ ಅಪ್ಪನ ಧಾಟಿಯಲ್ಲೇ "ಇಲ್ನೋಡೇ ರಾಣಿ!" ಎಂದು ಕೂಗಿದೆ. ನೀನು ಕೈ ಎತ್ತಿದೆ. ಆಸ್ಪತ್ರೆಯಲ್ಲಿ ಅಪ್ಪ ಹೇಗೆ ಬಿದ್ದಳು ಎಂದು ಕೇಳಿದಾಗ ಹೆದರಿ ಬ್ರೇಕಿನ ಮೇಲೆ ಹಾಕಿದೆ, ಆಮೇಲೆ ಎಲ್ಲರಿಗೂ ಅದನ್ನೇ ಹೇಳುತ್ತಾ ಬಂದೆ. ಕಾರ್ಡ್ ಕೆಟ್ಟಿಲ್ಲ, ಏಳು ವಾರದಿಂದ ನನ್ನ ಪರ್ಸಿನಲ್ಲಿದೆ. ಆ ಫೋಟೋವನ್ನು ಇದರ ಜೊತೆ ಇಟ್ಟಿದ್ದೇನೆ. ಎಡಗೈ ಮೇಲಿದೆ, ಬಲಗೈಯ ಒಂದು ಬೆರಳೂ ಬ್ರೇಕಿನ ಮೇಲಿಲ್ಲ, ಮುಖದ ತುಂಬ ನಗು. ಇದರದೇ ಇನ್ನೊಂದು ಪ್ರತಿ ಹಿಡಿದು ನಾಳೆ ಬೆಳಿಗ್ಗೆ ಮಾಮ ಬಾಗಿಲು ತೆಗೆಯುವ ಹೊತ್ತಿಗೆ ಅಂಗಡಿಯ ಮುಂದೆ ಇರುತ್ತೇನೆ, ಅಪ್ಪನನ್ನೂ ಕರೆದುಕೊಂಡೇ ಹೋಗುತ್ತೇನೆ. ಪುಟ್ಟ ಕ್ಯಾಮೆರಾವನ್ನು ಅಂಗಡಿಯಲ್ಲಿ ತೆಗೆದಿಡಿಸಿದ್ದೇನೆ. ನಾನೇ ಬಂದು ಕೊಡಲೋ, ಪಾರ್ಸೆಲ್ ಮಾಡಲೋ, ಅದನ್ನು ನೀನು ಹೇಳಬೇಕು.