ನುಂಗಿದ ಚೀಟಿ

ಡಿಪೋದ ಕೀ ಕೊಡುವ ಕೋಣೆ,
ಗುರುವಾರ, ಹನ್ನೆರಡನೇ ತಾರೀಖು

ಪ್ರೀತಿಯ ಅಳಿಯಾ,

ಹೇಗಿದ್ದೀಯೋ? ಹಣೆಯ ಹೊಲಿಗೆ ಬಿಚ್ಚಿಸಿದೆಯಾ? ಗೆಳೆಯನ ಮನೆಯಲ್ಲಿ ಹೊಟ್ಟೆಗೇನಾದರೂ ಹಾಕಿಕೊಳ್ಳುತ್ತಿದ್ದೀಯೋ, ಬರೀ ಗೋಡೆ ನೋಡುತ್ತ ಕೂತಿದ್ದೀಯೋ? ನನಗೇನಾಗಿದೆ, ಕಬ್ಬಿಣದ ಮೈ. ಹಳ್ಳಿ ಶಾಲೆಯ ಏಳನೇ ತರಗತಿಗೇ ಓದು ನಿಲ್ಲಿಸಿದರೂ ಈ ಡಿಪೋದಲ್ಲಿ ನನ್ನಂಥ ದುಂಡಗಿನ ಅಕ್ಷರ ಮ್ಯಾನೇಜರರಿಗೂ ಇಲ್ಲ. ಆದರೆ ಇವತ್ತು ಅವಸರದಲ್ಲಿ ಗೀಚುತ್ತಿದ್ದೇನೆ, ಹೇಗೋ ಓದಿಕೋ.

ಶಾಲೆಯಲ್ಲಿ ಅಡುಗೆ ಮಾಡುವ ಆ ಹೆಂಗಸು ಬದುಕಿದ್ದಾಳೆ. ನಿನ್ನ ಬಸ್ಸು ಫುಟ್‌ಪಾತ್ ಹತ್ತಿ ಬಡಿದದ್ದು ಎರಡೂ ಕಾಲಿಗೆ. ಎರಡು ಆಪರೇಷನ್ ಆಗಿವೆ, ನಡೆಯುತ್ತಾಳೋ ಇಲ್ಲವೋ ಡಾಕ್ಟರೂ ಹೇಳುತ್ತಿಲ್ಲ. ನೋಡಲು ಹೋಗಿ ಡಿಪೋದವನು ಎಂದೆ. "ಪಾಪ, ಆ ಡ್ರೈವರ್ ಹುಡುಗನಿಗೆ ತುಂಬಾ ಪೆಟ್ಟಾಯ್ತಾ?" ಅಂದಳು ಕಣೋ. ತಂದಿದ್ದ ಹಣ್ಣನ್ನು ಅಲ್ಲೇ ಇಟ್ಟು ಓಡಿಬಂದೆ.

ಬ್ರೇಕ್ ಹಿಡಿಯಲಿಲ್ಲ ಎಂದು ಫೋನಿನಲ್ಲಿ ಹೇಳಿ ನೀನು ಮಾಯವಾದೆ. ಬಸ್ಸಿನ ಮುಂಭಾಗ ನುಜ್ಜುಗುಜ್ಜಾಗಿದೆ, ಬ್ರೇಕ್ ಸರಿಯಿತ್ತೋ ಇಲ್ಲವೋ ಈಗ ಯಾರೂ ಹೇಳಲಾರರು. ಕುಡಿತ ಪತ್ತೆಯ ಮೆಷಿನ್ ಅಂದು ಕೊಟ್ಟ ಉಸಿರಿನ ಚೀಟಿಯಲ್ಲಿ ಸೊನ್ನೆ ಇದೆಯಲ್ಲ, ಆದ್ದರಿಂದ ತಪ್ಪು ಮೆಕ್ಯಾನಿಕ್‌ನದೇ ಎಂದರು ಡಿಪೋದವರು. ಅವನ ಹೆಂಡತಿ ನಿನ್ನೆ ನನ್ನ ಬಾಗಿಲಿಗೆ ಬಂದು, "ಅಣ್ಣಾ, ಇವರು ನಟ್ಟು ಬಿಗಿ ಮಾಡದೆ ಊಟಕ್ಕೂ ಏಳೋರಲ್ಲ, ನೀವಾದ್ರೂ ಒಂದು ಮಾತು ಹೇಳಿ" ಅಂದಳು.

ಆ ಬೆಳಿಗ್ಗೆ ನೀನು ಬಂದು ಊದಿದಾಗ ಮೆಷಿನ್ ನಲವತ್ತೆರಡು ಎಂದು ಚೀಟಿ ಕೊಟ್ಟಿತು. ಡಿಪೋದಲ್ಲಿ ಸೊನ್ನೆಯಿದ್ದರೆ ಮಾತ್ರ ಕೀ. ನಿನ್ನದು ರಸ್ತೆಯ ಮಿತಿಯಾದ ಮೂವತ್ತಕ್ಕಿಂತಲೂ ಮೇಲೆ. "ಮಾವಾ, ಪಾರ್ಟಿ ನಿನ್ನೇದು, ಈಗ ಏನೂ ಇಲ್ಲ, ಕೆಲಸ ಕಾಯಂ ಆಗೋ ತಿಂಗಳು" ಅಂದೆ. ಹೆಂಡದ ಹನಿ ಮುಟ್ಟದವನೆಂಬ ಜಂಭ ನನ್ನದು. ಹೊಸ ನಳಿಕೆ ಸಿಕ್ಕಿಸಿ ನಿನ್ನ ಬದಲು ನಾನೇ ಊದಿದೆ. "ನೋಡೋ, ನನ್ನ ಉಸಿರಿಗೆ ಮೆಷಿನ್ನೇ ಸಲಾಂ ಹೊಡೆಯುತ್ತೆ!" ಎಂದು ನಗಿಸಿ, ಮೊದಲ ಚೀಟಿಯನ್ನು ಟೀ ಜೊತೆ ನುಂಗಿಬಿಟ್ಟೆ. ಕೀ ಕೊಟ್ಟ ಕೈ ಇದೇ.

ಇವತ್ತು ಮ್ಯಾನೇಜರರ ಮುಂದೆ ಎಲ್ಲ ಒದರಿದೆ. ಅವರು ನಕ್ಕರು. "ಹೋದ ವರ್ಷ ಭುಜ ಕೊಟ್ಟು ಬಸ್ ನಿಲ್ಲಿಸಿದೆ ಅಂದಿದ್ರಿ, ಈ ವರ್ಷ ಚೀಟಿ ನುಂಗಿದ್ರಾ? ನಿಮ್ಮ ಮೆಕ್ಯಾನಿಕ್ ದೋಸ್ತನ್ನ ಉಳಿಸೋಕೆ ಇನ್ನೇನೇನು ನುಂಗ್ತೀರಿ?" ಆಣೆ ಇಟ್ಟೆ, ಅತ್ತುಬಿಟ್ಟೆ. ಪ್ಯೂನ್ ಕೂಡ ನಕ್ಕ. ನನ್ನ ಬಾಯಿಂದ ಬಂದರೆ ನಿಜವೂ ಬಡಾಯಿಯೇ ಆಗುತ್ತದೆ. ನೀನೇ ಬಂದು ಹೇಳಬೇಕು. ನಿನ್ನ ಕೆಲಸ ಹೋಗುತ್ತದೆ, ನನ್ನದೂ ಹೋಗುತ್ತದೆ. ಜೈಲಾದರೆ ಇಬ್ಬರಿಗೂ ಆಗಲಿ. ಕಾಲಿಗೆ ಬೀಳುತ್ತೇನೆ, ಬಾ ಮಗನೇ.

ದೇವರು ನಿನಗೆ ಎದ್ದು ಬರುವಷ್ಟು ಧೈರ್ಯ ಕೊಡಲಿ. ನಿನ್ನ ಗೆಳೆಯನಿಗೂ ನನ್ನ ಆಶೀರ್ವಾದ.

ಇಂತಿ,
ನಿನ್ನ ಸೋದರಮಾವ

ಮರೆತಿದ್ದೆ: ಮೆಕ್ಯಾನಿಕ್‌ನನ್ನು ನಾಳೆ ಹತ್ತು ಗಂಟೆಗೆ ಸ್ಟೇಷನ್ನಿಗೆ ಒಪ್ಪಿಸುತ್ತಾರೆ. ಅಂಚೆಗೆ ಹಾಕಿದರೆ ತಡವಾಗುತ್ತದೆಂದು ಈ ಪತ್ರವನ್ನು ನಿನ್ನ ಅಮ್ಮನ ಕೈಯಲ್ಲೇ ಕಳಿಸಿದ್ದೇನೆ. ಬ್ರೇಕ್ ಕೈಕೊಟ್ಟಿತೆಂದೇ ಅಕ್ಕ ಇನ್ನೂ ನಂಬಿದ್ದಾಳೆ. ಮೂರು ಸಲ ಬಾಯಿ ತೆರೆದೆ, ನನ್ನಿಂದ ಆಗಲಿಲ್ಲ. ಓದಿ ಮುಗಿಸಿದೆಯಲ್ಲ, ಈಗ ತಲೆ ಎತ್ತು. ನಿನ್ನ ಎದುರಿಗೇ ಕೂತಿದ್ದಾಳೆ, ಮಾವ ಏನು ಬರೆದಿದ್ದಾನೆ ಎಂದು ಕೇಳುತ್ತಾಳೆ.